ಮದಗುಣಕಿಯ ತೀರ್ಥ

ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಮೊಂಡು ಗೋಡೆಯಿದೆ. ಗೋಡೆಯಾಚೆ ಹಳಿ. ಈಚೆ ಮುರಿದ ಸ್ಲೀಪರುಗಳು, ಜಲ್ಲಿಕಲ್ಲಿನ ರಾಶಿ, ಮಳೆಗಾಲ ಬಂತೆಂದರೆ ಅವುಗಳ ಸಂದಿಯಿಂದ ಆಳೆತ್ತರ ಏಳುವ ಕಳೆ. ಆ ಕಳೆಯಲ್ಲಿ ಒಂದೇ ಒಂದು ಗಿಡವನ್ನು ರಚನಾ ಹೆಸರು ಹಿಡಿದು ಕರೆಯುತ್ತಿದ್ದಳು. ಅಗಲವಾದ ಎಲೆ, ಸಂಜೆಗೆ ಕಹಳೆಯಂತೆ ಬಾಯಿ ಬಿಡುವ ಬಿಳಿ ಹೂವು, ಮೈತುಂಬ ಮುಳ್ಳು ಹೊತ್ತ ಉಂಡೆಯಂಥ ಕಾಯಿ. ಮದಗುಣಕಿ.

ಗದಗದ ಮನೆಯ ಹಿತ್ತಲಲ್ಲೂ ಅದು ಇತ್ತು. ಅಲ್ಲಿ ಅಪ್ಪನ ತಾಯಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಮೊಣಕಾಲು ಬಾತಾಗ ಆಯಿ ಅದರ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ ಕಟ್ಟಿಕೊಳ್ಳುವಳು. ಎಲೆ ತರಲು ಮೊಮ್ಮಗಳನ್ನೇ ಅಟ್ಟುವಳು. ಅದಕ್ಕೊಂದು ಕಟ್ಟಳೆಯಿತ್ತು. ಕೀಳುವ ಮುಂಚೆ ಗಿಡದ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಕಿತ್ತ ಮೇಲೆ ಕೈ ತೊಳೆಯುವ ತನಕ ಬಾಯಿ, ಕಣ್ಣು ಮುಟ್ಟಿಕೊಳ್ಳಬಾರದು.

"ಬಾಯಾಗ ಅದರ ಹೆಸರಿದ್ರ ಕೈಗೆ ನೆನಪಿರ್ತೈತಿ, ತಾನು ಏನು ಹಿಡದೀನಿ ಅಂತ" ಎನ್ನುತ್ತಿದ್ದಳು ಆಯಿ. ಪಡಸಾಲೆಯಲ್ಲಿ ಕೂತೇ ಹಿತ್ತಲಿಗೆ ಕಿವಿ ಕೊಟ್ಟಿರುವಳು. ಹೆಸರು ಕೇಳಿಸದಿದ್ದರೆ ತಂದ ಎಲೆಯನ್ನು ಮುಟ್ಟದೆ ಮತ್ತೆ ಕಳಿಸುವಳು. ರಚನಾಳದು ಹುಟ್ಟಾ ಮೆತ್ತಗಿನ ದನಿ. ಹಾಗಾಗಿ ಹಿತ್ತಲಿಗೂ ಪಡಸಾಲೆಗೂ ಅವಳು ಸವೆಸಿದ ದಾರಿ ಸ್ವಲ್ಪ ಹೆಚ್ಚೇ.

ಅಪ್ಪ ಮರಿಯಪ್ಪನಿಗೆ ಅಜನಿಯ ಲೋಕೋ ಶೆಡ್ಡಿಗೆ ವರ್ಗವಾದಾಗ ಅವಳು ಒಂಬತ್ತನೆಯ ಇಯತ್ತೆ. ಇಲ್ಲಿಯ ಶಾಲೆಯಲ್ಲಿ ಪಾಠ ಮರಾಠಿ, ಜಗಳ ಹಿಂದಿ. ಅವಳು ಎದ್ದು ನಿಂತರೆ ಹಿಂದಿನ ಬೆಂಚಿನವರು ನಗಲು ತಯಾರಾಗಿ ಕೂರುತ್ತಿದ್ದರು. ಶಾಲೆ ಬಿಡಿಸಬೇಕೆಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಒಂದು ದಿನ ಮಳೆ, ಇನ್ನೊಂದು ದಿನ ಜ್ವರ, ಮತ್ತೊಂದು ದಿನ ಅವ್ವನಿಗೆ ಸೊಂಟನೋವು, ಹೀಗೆ ತಾನಾಗಿ ಬಿಟ್ಟುಹೋಯಿತು. ಈಗ ಇಪ್ಪತ್ತು ದಾಟಿದೆ. ಮರಾಠಿ ಎಲ್ಲ ತಿಳಿಯುತ್ತದೆ, ಆಡಲು ನಾಲಿಗೆ ಏಳುವುದಿಲ್ಲ. ನಾಲಿಗೆಯ ಪಾಲಿನ ಕೆಲಸವನ್ನೂ ಕಣ್ಣೇ ಮಾಡುತ್ತ ಬಂದಿತ್ತು.

ಅವ್ವ ಚಂದ್ರಮ್ಮನ ಕತೆ ಬೇರೆ. ಅವಳು ಮಾತಿನಿಂದಲೇ ಉಸಿರಾಡುವವಳು. ಗದಗದಲ್ಲಿ ಬಾವಿಕಟ್ಟೆಗೆ ಹೋದರೆ ಕೊಡ ತುಂಬಿ ಎಷ್ಟು ಹೊತ್ತಾದರೂ ಮಾತು ತುಂಬುತ್ತಿರಲಿಲ್ಲ. ನಾಗಪುರದಲ್ಲಿ ಪಕ್ಕದ ಕ್ವಾರ್ಟರ್ಸಿನ ವತ್ಸಲಾ ಕಾಕು ಒಳ್ಳೆಯವಳೇ, ಆದರೆ ಅವಳೊಡನೆ ಆಡುವ ಮರಾಠಿ ಚಂದ್ರಮ್ಮನಿಗೆ ಎರವಲು ಸೀರೆಯಂತೆ. ಉಟ್ಟರೂ ಮೈಗೆ ಹತ್ತದು. ಬರಬರುತ್ತ ಅವಳು ಮಧ್ಯಾಹ್ನ ಸುಮ್ಮನೆ ಗೋಡೆಗೊರಗಿ ಕೂರುವುದನ್ನು ಕಲಿತಿದ್ದಳು. ಅದನ್ನು ನೋಡಲು ಮಗಳಿಗೆ ಆಗುತ್ತಿರಲಿಲ್ಲ.

ಹೀಗಿರುವಾಗ ಆಷಾಢದ ಕೊನೆಗೆ ಇತವಾರಿ ಪೇಟೆಯ ಬೇಳೆ ಅಂಗಡಿಯಲ್ಲಿ ಚಂದ್ರಮ್ಮ ತೊಗರಿಬೇಳೆಯನ್ನು ಅಂಗೈಯಲ್ಲಿ ಉಜ್ಜಿ, "ನೋಡವಾ, ಬರೇ ಪಾಲಿಶ್ ಐತಿ ಇದು" ಎಂದದ್ದೇ ತಡ, ಹಿಂದಿನಿಂದ ಒಂದು ದನಿ ಬಂತು.

"ನೀವು ಕನ್ನಡದವರಾ?"

ಹೇಮಲತಾ ಬಜಾಜ್ ನಗರದವಳು. ಗಂಡ ಬ್ಯಾಂಕಿನಲ್ಲಿ. ಮೈಸೂರು ಬಿಟ್ಟು ಬಹಳ ವರ್ಷವಾಗಿತ್ತು. ಕೈಗಾಡಿ, ಟೆಂಪೋಗಳ ಗದ್ದಲದ ನಡುವೆಯೇ ಇಬ್ಬರೂ ಅಲ್ಲಿ ನಿಂತು ಮಾತಾಡಿದರು. ಅಂಗಡಿಯವನು ಎರಡು ಸಲ ಪಕ್ಕಕ್ಕೆ ಸರಿಯಿರೆಂದ. ಕೊನೆಗೆ ಹೇಮಲತಾ, "ಶ್ರಾವಣ ಸೋಮವಾರ ನಮ್ಮನೇಲಿ ಒಂದಿಷ್ಟು ಕನ್ನಡದೋರು ಸೇರ್ತೀವಿ. ಸಾಯಂಕಾಲ ಅಭಿಷೇಕ, ಆಮೇಲೆ ಫಲಾಹಾರ. ಮಗಳನ್ನೂ ಕರ್ಕೊಂಡು ಬನ್ನಿ" ಎಂದಳು.

ಮೊದಲ ಸೋಮವಾರ ಹೋಗಿ ಬಂದ ಮೇಲೆ ಚಂದ್ರಮ್ಮ ವಾರವಿಡೀ ಗೋಡೆಗೊರಗಲಿಲ್ಲ. ಅಲ್ಲಿಯ ಹೆಂಗಸರು ಅವಳ "ಐತಿ", "ಬರ್ರಿ"ಗಳನ್ನು ಹಿಡಿದು ಚೇಷ್ಟೆ ಮಾಡಿದ್ದರು. ಅವಳು ತಾನೂ ನಕ್ಕು, ಅವರ "ಬನ್ನಿ, ಹೋಗಿ"ಯನ್ನು ಅಣಕಿಸಿ, ಎಲ್ಲರನ್ನೂ ನಗಿಸಿ ಬಂದಿದ್ದಳು. ರಚನಾ ಮಾತ್ರ ನಗೆ ಕೇಳಿದ ಕೂಡಲೇ ಹಳೆಯ ಬೆಂಚಿನ ನೆನಪಾಗಿ ಬಾಯಿ ಮುಚ್ಚಿದ್ದಳು. "ಈ ಹುಡುಗಿಗೆ ಮಾತು ಬರುತ್ತೆ ತಾನೇ?" ಎಂದು ಯಾರೋ ಕೇಳಿಯೂ ಇದ್ದರು.

ಎರಡನೆಯ ಸೋಮವಾರ ಬೆಳಿಗ್ಗೆ ಚಂದ್ರಮ್ಮನಿಗೆ ಚಿಂತೆ ಹತ್ತಿತು. ಬರಿಗೈಯಲ್ಲಿ ಹೇಗೆ ಹೋಗುವುದು? ಬಟ್ಟೆ ಒಣಹಾಕುತ್ತಿದ್ದ ವತ್ಸಲಾ ಕಾಕು ತಂತಿಯ ಆಚೆಯಿಂದ, "ಅಗೋ, ಶಂಕರಾಲಾ ಧೋತ್ರಾ ನ್ಯಾ" ಎಂದು ಹಿತ್ತಲ ಗೋಡೆಯ ಕಡೆ ಗದ್ದ ಆಡಿಸಿದಳು. ಮದಗುಣಕಿಗೆ ಇಲ್ಲಿಯವರ ಹೆಸರು ಧೋತ್ರಾ. ಈ ಊರಲ್ಲಿ ಶಂಕರನಿಗೆ ಅದನ್ನು ಏರಿಸದೆ ಸೋಮವಾರವೇ ಆಗದು, ಪೇಟೆಯಲ್ಲಿ ಕೊಂಡು ಒಯ್ಯುತ್ತಾರೆ, ನಿಮ್ಮ ಬೆನ್ನಿಗೇ ಬೆಳೆದಿದೆ ಎಂದಳು.

ಅದು ರಚನಾಳಿಗೂ ಗೊತ್ತಿತ್ತು. ದೇವಸ್ಥಾನದ ಬಾಗಿಲಲ್ಲಿ ಬಿಲ್ವಪತ್ರೆಯ ಜೊತೆ ಆ ಹೂವು, ಆ ಮುಳ್ಳುಕಾಯಿ ಮಾರಲು ಕೂರುವವರನ್ನು ಕಂಡಿದ್ದಳು. ಜನ ಸಾಲಾಗಿ ಬಂದು ಲಿಂಗದ ಮೇಲೆ ಹೂವಿಟ್ಟು, ಕಾಯಿಟ್ಟು, ಎಲ್ಲದರ ಮೇಲೆ ತಂಬಿಗೆ ನೀರು ಸುರಿಯುವರು. ನೀರು ಕಲ್ಲಿನ ದೋಣಿಯಿಂದ ಹೊರಗೆ ಹರಿದು ಹೋಗುವುದು. ಅದಕ್ಕೆ ಯಾರೂ ಕೈಯೊಡ್ಡಿದ್ದನ್ನು ಅವಳು ನೋಡಿರಲಿಲ್ಲ.

ಗಿಡದ ಮುಂದೆ ನಿಂತು ಹೆಸರು ಹೇಳಿದಳು. ಬುಟ್ಟಿ ತುಂಬ ಹೂವು ಕಿತ್ತಳು, ಒಂದು ಹಸಿರು ಕಾಯಿ, ಒಂದು ಒಣಗಿದ್ದು. ಬಂದು ನಲ್ಲಿಯಲ್ಲಿ ಕೈ ತೊಳೆದಳು. ಬುಟ್ಟಿ ನೋಡಿ ಚಂದ್ರಮ್ಮನ ಮುಖ ಅರಳಿತು. ಇಳಕಲ್ ಸೀರೆ ತೆಗೆದು ಉಟ್ಟಳು.

ಹೇಮಲತಾಳ ನಡುಮನೆಯಲ್ಲಿ ಹೆಂಗಸರು ಆಗಲೇ ಕೂತಿದ್ದರು. ಬುಟ್ಟಿಯ ಸುತ್ತ ಎಲ್ಲರೂ ಬಗ್ಗಿದರು. "ಅಯ್ಯೋ, ಎಷ್ಟು ಫ್ರೆಶ್ಶಾಗಿದೆ. ಇಷ್ಟು ವರ್ಷ ಇಲ್ಲಿದ್ದೂ ನಾವ್ಯಾರೂ ಧೋತ್ರಾ ತಂದಿರಲಿಲ್ಲ ನೋಡಿ" ಎಂದು ಹೇಮಲತಾ ಚಂದ್ರಮ್ಮನ ಕೈ ಹಿಡಿದಳು. ಚಂದ್ರಮ್ಮ ಒಂದು ಗೇಣು ಎತ್ತರವಾದಂತೆ ಕಂಡಳು.

ಮೂಲೆಯ ಕುರ್ಚಿಯಲ್ಲಿ ಹೇಮಲತಾಳ ಅತ್ತೆ ನಂಜಮ್ಮ. ಕಣ್ಣಿಗೆ ದಪ್ಪ ಕನ್ನಡಕ. ಶ್ರಾವಣ ಸೋಮವಾರ ಸೂರ್ಯ ಮುಳುಗುವ ತನಕ ಹನಿ ನೀರೂ ಮುಟ್ಟದ ಮುದುಕಿ. ಪೂಜೆ ಮುಗಿದರೆ ಮೊದಲ ತೀರ್ಥ ಅವರಿಗೇ, ಅದೂ ಉದ್ಧರಣೆಯ ಲೆಕ್ಕದಲ್ಲಲ್ಲ, ಲೋಟದಲ್ಲಿ.

"ನಮ್ಮತ್ತೆ ಈಶ್ವರನ ಭಕ್ತರಲ್ಲ, ಪಂಚಾಮೃತದ ಭಕ್ತರು" ಎಂದಳು ಹೇಮಲತಾ.

"ಜೇನುತುಪ್ಪ ಜಾಸ್ತಿ ಹಾಕೇ, ಹೋದ ವಾರ ಕಂಜೂಸಿ ಮಾಡಿದ್ದೆ" ಎಂದರು ನಂಜಮ್ಮ.

ಹೋದ ವಾರ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಅಭಿಷೇಕ ಮೊದಲು ಆಗಿತ್ತು. ತೀರ್ಥವನ್ನು ಬೇರೆ ತೆಗೆದಿಟ್ಟು, ಲಿಂಗವನ್ನು ಒರೆಸಿ, ಆಮೇಲೆ ಹೂವು. ಈ ವಾರ ಬುಟ್ಟಿ ನೋಡಿ ಹೇಮಲತಾಳಿಗೆ ಹುಮ್ಮಸ್ಸು ಬಂತು. "ಇವತ್ತು ಈ ಊರಿನವರ ಥರಾನೇ ಮಾಡೋಣ. ಒಬ್ಬೊಬ್ರೂ ಒಂದು ಹೂವಿಟ್ಟು ಒಂದು ಉದ್ಧರಣೆ ಹಾಕಿ" ಎಂದಳು. ಅವಳ ಮಗಳು ಚಾರುಲತಾ, ಕಾಲೇಜಿಗೆ ಹೋಗುವವಳು, ಎರಡೂ ಕಾಯಿಗಳನ್ನು ಲಿಂಗದ ನೆತ್ತಿಗೆ ಆನಿಸಿಟ್ಟಳು.

ಬೆಳ್ಳಿಯ ತಟ್ಟೆಯಲ್ಲಿ ಪುಟ್ಟ ಲಿಂಗ. ಒಬ್ಬೊಬ್ಬರಾಗಿ ಬಂದರು. ಹೂವು, ಹಾಲು. ಹೂವು, ಜೇನು. ರಚನಾ ಕೂಡ ಇಟ್ಟಳು, ಹಾಕಿದಳು. ಎಲ್ಲರ ಸರದಿ ಮುಗಿಯುವ ಹೊತ್ತಿಗೆ ಲಿಂಗ ಕಾಣದಷ್ಟು ಹೂವು, ಹೂವು ಮುಳುಗುವಷ್ಟು ಪಂಚಾಮೃತ. ನಡುವೆ ಮಂತ್ರ, ಹಾಡು, ಒಬ್ಬರಿಗೆ ರಾಗ ನೆನಪಾಗದೆ ಸ್ವಲ್ಪ ತಡ. ಬಿಳಿ ದಳಗಳು ಹಾಲಿನಲ್ಲಿ ನೆನೆದು ಮೆತ್ತಗಾದವು. ಒಣಕಾಯಿ ನಾಲ್ಕು ಹೋಳಾಗಿ ಬಿರಿದಿತ್ತು. ಅದರ ಬಾಯಿಗೆ ಬಿದ್ದ ಹಾಲು ಹೊರಗೆ ಬರುವಾಗ ಬದನೆಬೀಜದಂಥ ಚಪ್ಪಟೆ ಬೀಜಗಳನ್ನು ಹೊತ್ತು ತರುತ್ತಿತ್ತು.

ರಚನಾ ಅದನ್ನು ನೋಡುತ್ತ ಕೂತಿದ್ದಳು. ಬೀಜ ಇಳಿಯುತ್ತಿವೆ ಎಂದಷ್ಟೇ ಮೊದಲು ಅನ್ನಿಸಿದ್ದು. ಚಾರುಲತಾ ತಟ್ಟೆಯನ್ನು ಎತ್ತಿ, ಚಹಾ ಸೋಸುವ ಜಾಲರಿ ಹಿಡಿದು ತೀರ್ಥದ ತಂಬಿಗೆಗೆ ಬಗ್ಗಿಸತೊಡಗಿದಾಗ ಅವಳ ಬೆನ್ನು ನೆಟ್ಟಗಾಯಿತು. ಇದು ದೇವಸ್ಥಾನದ ಕಲ್ಲಿನ ದೋಣಿಯಲ್ಲ. ಇದನ್ನು ಇವರು ಕುಡಿಯುತ್ತಾರೆ.

"ಮಮ್ಮೀ, ಇದ್ರಲ್ಲಿ ಏನೋ ಬೀಜ ಇದೆ."

"ಬಾಳೆಹಣ್ಣಿಂದಿರಬೇಕು. ಸೋಸ್ಬಿಡು, ಜಲ್ದಿ. ಅಜ್ಜಿ ಕಾಯ್ತಿದಾರೆ."

ರಚನಾ ತನ್ನ ಬೆರಳು ನೋಡಿಕೊಂಡಳು. ಹಾಲು ಒಣಗಿ ಅಂಟಾಗಿತ್ತು. ಬೆಳಿಗ್ಗೆ ಹೆಸರು ಹೇಳಿದ್ದಳು, ಕೈ ತೊಳೆದಿದ್ದಳು. ಇಲ್ಲಿಗೆ ಬಂದು ಅದೇ ಹೂವನ್ನು ಮತ್ತೆ ಹಿಡಿದಾಗ ಎರಡನ್ನೂ ಮರೆತಿದ್ದಳು.

ಅವ್ವನ ಕಿವಿಗೆ ಬಾಗಿದಳು. "ಅವ್ವಾ, ತೀರ್ಥದಾಗ ಮದಗುಣಕಿ ಸೇರೇತಿ."

ಚಂದ್ರಮ್ಮನ ಕಣ್ಣು ತಂಬಿಗೆಗೆ ಹೋಗಿ, ಅಲ್ಲಿಂದ ತನ್ನ ಮಡಿಲಿಗೆ ಇಳಿಯಿತು. ಅವಳೂ ಅದೇ ಆಯಿಯ ಸೊಸೆ. "ದೇವರ ಮ್ಯಾಲಿಂದ ಬಂದದ್ದು. ಏನೂ ಆಗಂಗಿಲ್ಲ" ಎಂದಳು ತುಟಿ ಅಲ್ಲಾಡಿಸದೆ.

"ಹಾಲು ಪೂರಾ ಅದರಾಗ ನೆಂದೈತಿ."

"ಸುಮ್ನಿರವಾ. ಇವತ್ತ ಎರಡನೇ ಸಲ ಬಂದೀವಿ ಇವರ ಮನಿಗೆ. ನಾವ ತಂದ ಹೂವು ಅದು. ಈಗ ಎದ್ದು ಇಸಾ ಐತಿ ಅಂದ್ರ ಇನ್ನ ಯಾರ ಮನಿ ಬಾಗಿಲಾ ತೆಗೀತೈತಿ ನಮಗ?" ದನಿ ಇನ್ನೂ ತಗ್ಗಿಸಿ ಸೇರಿಸಿದಳು, "ನೀ ಕುಡದಂಗ ಮಾಡಿ ತಲಿಗೆ ಸವರ್ಕೋ."

"ಉಳದವರು?"

ಚಂದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಆ ಬೆರಳುಗಳನ್ನು ನೋಡಿ ರಚನಾಳಿಗೆ ಮತ್ತೆ ಗೋಡೆ ನೆನಪಾಯಿತು. ಮಧ್ಯಾಹ್ನದ ಗೋಡೆ, ಅದಕ್ಕೊರಗಿದ ಅವ್ವ.

ಹೇಮಲತಾ ಲೋಟಕ್ಕೆ ತೀರ್ಥ ಬಗ್ಗಿಸಿ ಅತ್ತೆಯ ಕೈಗೆ ಕೊಟ್ಟಳು. ನಂಜಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳತೊಡಗಿದರು. ಬೆಳಗಿನಿಂದ ಬರಿದಾದ ಹೊಟ್ಟೆ.

ರಚನಾ ಎದ್ದು ನಿಂತಳು. "ಅಜ್ಜಿ, ಬ್ಯಾಡ್ರಿ" ಎಂದಳು. ಅದು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಇರಮ್ಮ, ನಿನಗೂ ಕೊಡ್ತೀನಿ" ಎಂದಳು ಹೇಮಲತಾ. "ಪಾಪ, ಮಾತಾಡದ ಹುಡುಗಿಗೂ ಹಸಿವಾಗಿದೆ" ಎಂದು ಇನ್ನೊಬ್ಬರು. ಸಣ್ಣ ನಗೆ ಎದ್ದು ಅಡಗಿತು.

ಲೋಟ ನಂಜಮ್ಮನ ತುಟಿಯ ಹತ್ತಿರ ಬಂತು. ಕನ್ನಡಕದ ಹಿಂದೆ ಕಣ್ಣು ಮುಚ್ಚಿದ ಆ ಮುಖದಲ್ಲಿ ರಚನಾಳಿಗೆ ಪಡಸಾಲೆಯಲ್ಲಿ ಕಿವಿ ಕೊಟ್ಟು ಕೂತ ಇನ್ನೊಂದು ಮುಖ ಕಂಡಿತು. ಹಿತ್ತಲಿನಿಂದ ಕೇಳಿಸಬೇಕು. ಕೇಳಿಸದಿದ್ದರೆ ಲೆಕ್ಕಕ್ಕಿಲ್ಲ.

"ಮದಗುಣಕಿ."

ಅಷ್ಟು ದೊಡ್ಡ ದನಿ ಅವಳೊಳಗೆ ಇತ್ತೆಂದು ಅವ್ವನಿಗೂ ಗೊತ್ತಿರಲಿಲ್ಲ.

"ಅದರಾಗ ಮದಗುಣಕಿ ಐತ್ರಿ ಅಜ್ಜಿ. ಕುಡೀಬ್ಯಾಡ್ರಿ."

"ಏನ್ ಐತ್ರಿ?" ರೂಢಿಯಂತೆ ಯಾರೋ ನಗಲು ಶುರುಮಾಡಿ, ಜೊತೆಗೆ ಯಾರೂ ಸೇರದ್ದರಿಂದ ನಿಲ್ಲಿಸಿದರು. ರಚನಾ ತಟ್ಟೆಯ ಕಡೆ ಕೈ ಮಾಡಿದಳು. ಹಾಲಲ್ಲಿ ತೊಯ್ದ ಹೂವು, ಬಾಯಿ ಬಿಟ್ಟ ಕಾಯಿ.

ಚಾರುಲತಾ ಜಾಲರಿಯನ್ನು ಬೆಳಕಿಗೆ ಹಿಡಿದಳು. "ಏಕ್ ಮಿನಿಟ್. ಇದು ಧತೂರಾನಾ? ಟ್ರೇನಲ್ಲಿ ಚಹಾದಲ್ಲಿ ಹಾಕಿ ಲೂಟಿ ಮಾಡ್ತಾರಲ್ಲ, ಅದು? ಮಮ್ಮಿ, ನೀನು ಧೋತ್ರಾ ಅಂದೆ, ನಾನು ಬೇರೆ ಏನೋ ಹೂವು ಅನ್ಕೊಂಡೆ."

ನಂಜಮ್ಮ ಲೋಟ ಇಳಿಸಿದರು. ಕನ್ನಡಕ ಹಣೆಗೇರಿಸಿ ತಟ್ಟೆಯ ಮೇಲೆ ಬಗ್ಗಿದರು. "ಉಮ್ಮತ್ತಿ ಕಣೇ ಇದು. ನಮ್ಮ ಕಡೆ ಉಮ್ಮತ್ತಿ ಅಂತೀವಿ. ದನ ಕೂಡ ಬಾಯಿ ಹಾಕಲ್ಲ."

ಹೇಮಲತಾಳ ಮುಖ ಬಿಳುಪೇರಿತು. "ವಿಷದ ಗಿಡ ಅಂತ ನನಗೂ ಗೊತ್ತು ಅತ್ತೆ. ಆದ್ರೆ ಈಶ್ವರನ ಮೇಲಿಟ್ಟಿದ್ದು ನೋಡಿ… ತೀರ್ಥ ಅಂತ ಅನ್ನಿಸ್ತೇ ಹೊರತು ಅದು ತಲೆಗೇ ಬರಲಿಲ್ಲ." ತಿರುಗಿದಳು. "ಚಂದ್ರಮ್ಮ, ನೀವಾದ್ರೂ ತರುವಾಗ ಒಂದು ಮಾತು ಹೇಳಬಾರದಿತ್ತಾ?"

ಎಲ್ಲರ ಕಣ್ಣೂ ಇಳಕಲ್ ಸೀರೆಯ ಮೇಲೆ ಬಿತ್ತು. ಚಂದ್ರಮ್ಮ ಬೆರಳಿಗೆ ಸುತ್ತಿದ್ದ ಸೆರಗು ಬಿಚ್ಚಿ ಮೆಲ್ಲಗೆ ಎದ್ದಳು. "ನನಗೂ ನಿಮ್ಮಂಗ ಆತ್ರಿ. ಆಮ್ಯಾಲೆ ಈಕಿ ಹೇಳಿದ್ಲು. ನಾನ ಸುಮ್ನ ಕೂಡಸಿದ್ದೆ. ಈಕಿ ಕೂಡಲಿಲ್ಲ" ಎಂದು ಮಗಳ ಪಕ್ಕಕ್ಕೆ ಬಂದು ನಿಂತಳು.

ನಂಜಮ್ಮ ಲೋಟವನ್ನು ಕೈಯಳತೆಗೆ ದೂರ ಸರಿಸಿ, "ನಮ್ಮಪ್ಪ ಹೆಸರಲ್ಲೇ ನಂಜು ಕಟ್ಟಿ ಕಳಿಸಿದಾರೆ. ಹೊಟ್ಟೆಗೂ ಹಾಕೋದು ಬೇಡ. ಚಾರೂ, ಒಂದು ಲೋಟ ನೀರು ತಾ" ಎಂದರು.

ಆಮೇಲೆ ತೀರ್ಥವನ್ನು ಏನು ಮಾಡುವುದೆಂಬ ಮಾತೆದ್ದಿತು. ಸಿಂಕಿಗೆ ಸುರಿಯಲು ಮನಸ್ಸು ಒಪ್ಪದು. ತುಳಸಿಗೆ ಹಾಕಲು ಒಬ್ಬರಿಗೆ ಭಯ, ಕಾಲುವೆಗೆ ಚೆಲ್ಲಲು ಇನ್ನೊಬ್ಬರಿಗೆ ಪಾಪ. "ಬಂದ ಮನೆಗೇ ಹೋಗಲಿ. ಆ ಗಿಡದ ಬುಡಕ್ಕೇ ಹಾಕು ಮಗೂ" ಎಂದರು ನಂಜಮ್ಮ. ರಚನಾಳಿಗೆ ಇನ್ನೊಂದು ಮಾತು ಹೇಳಬೇಕಿತ್ತು, ಅದನ್ನೂ ಹೇಳಿದಳು. "ಎಲ್ಲಾರೂ ಕೈ ತೊಳಕೋರಿ, ಸಬಕಾರ ಹಚ್ಚಿ." ರೇಷ್ಮೆ ಸೀರೆಯ ಹೆಂಗಸರೆಲ್ಲ ಅಡುಗೆಮನೆಯ ನಲ್ಲಿಯ ಮುಂದೆ ಶಾಲೆಯ ಮಕ್ಕಳಂತೆ ಸಾಲು ನಿಂತರು.

ಹೊರಡುವಾಗ ಹೇಮಲತಾ ಕುಂಕುಮ ಕೊಟ್ಟಳು, ಬಾಳೆಹಣ್ಣು ಕೊಟ್ಟಳು. ಮುಂದಿನ ಸೋಮವಾರದ ಮಾತೆತ್ತಲಿಲ್ಲ.

ಆಟೋದಲ್ಲಿ ತೀರ್ಥದ ಡಬ್ಬಿ ರಚನಾಳ ಎರಡು ಪಾದಗಳ ನಡುವೆ ಇತ್ತು. ಚಂದ್ರಮ್ಮ ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು. ಹಿತ್ತಲ ಗೋಡೆಯ ಹತ್ತಿರ ಹೋಗಿ ಗಿಡದ ಬುಡಕ್ಕೆ ಡಬ್ಬಿ ಬಗ್ಗಿಸಿದರು. ಹಾಲು ಜಲ್ಲಿಯ ಸಂದಿಗೆ ಇಂಗಿತು. ಆಚೆಯ ಹಳಿಯ ಮೇಲೆ ಮಾಲುಗಾಡಿಯೊಂದು ಅವಸರವಿಲ್ಲದೆ ಹೋಗುತ್ತಿತ್ತು.

"ಇನ್ನ ಕರೆಯಂಗಿಲ್ಲ ಬಿಡು" ಎಂದಳು ಚಂದ್ರಮ್ಮ. ಗಾಡಿ ಪೂರ್ತಿ ಹೋದ ಮೇಲೆ ಮತ್ತೆ ಹೇಳಿದಳು, "ನೀ ಹೇಳಿದ್ದು ಬರೋಬರ್ ಆತು. ಆ ಮುದುಕಿ ಗ್ಲಾಸ್ ಎತ್ತಿದಾಗ ನನ್ನ ಜೀವಾ ಬಾಯಿಗೆ ಬಂದಿತ್ತು. ಆದ್ರ ಮಾತು ಬರಲಿಲ್ಲ. ನೋಡು, ನನಗ ಮಾತು ಬರಲಿಲ್ಲ."

ವಾರವೆಲ್ಲ ಹೇಮಲತಾಳ ಫೋನು ಬರಲಿಲ್ಲ. ಚಂದ್ರಮ್ಮ ಮಧ್ಯಾಹ್ನ ಗೋಡೆಗೊರಗಿದಳು. ರಚನಾ ಪಕ್ಕದಲ್ಲಿ ಕೂತು ಅದೂ ಇದೂ ಮಾತಾಡಿದಳು. ತಂತಿಯ ಮೇಲಿನ ಗುಬ್ಬಿ, ಹಾಲಿನವನ ಹೊಸ ಮೀಸೆ. ಅವ್ವನಿಗೆ ಮಗಳು ಇಷ್ಟು ಆಡುವುದೇ ಸೋಜಿಗ. ಹೂಂಗುಟ್ಟುತ್ತಿದ್ದಳು.

ಭಾನುವಾರ ಸಂಜೆ ಕ್ವಾರ್ಟರ್ಸಿನ ಮುಂದೆ ಸ್ಕೂಟಿ ನಿಂತಿತು. ಚಾರುಲತಾ ಓಡಿಸುತ್ತಿದ್ದಳು. ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಮೊಮ್ಮಗಳ ಸೊಂಟ ಬಿಗಿಯಾಗಿ ಹಿಡಿದು ನಂಜಮ್ಮ. ಇಳಿದವರೇ, "ಇವಳು ಸ್ಪೀಡ್ ಬ್ರೇಕರ್ ಒಂದನ್ನೂ ಬಿಡಲಿಲ್ಲ, ಎಲ್ಲಾ ಹಾರಿಸಿಕೊಂಡು ಬಂದಳು" ಎಂದು ಸೊಂಟ ನೀವಿಕೊಂಡರು.

ಚಂದ್ರಮ್ಮ ಚಾಪೆಗೆಂದು ಒಳಗೆ ಓಡಿದಳು, ಕುರ್ಚಿ ತಂದಳು, ಮತ್ತೆ ಚಹಾಕ್ಕೆಂದು ಓಡಿದಳು.

"ಹೇಮಾಗೆ ಬರೋಕೆ ಸಂಕೋಚ" ಎಂದರು ನಂಜಮ್ಮ ಕೂತು. "ಅವತ್ತು ನಿಮ್ಮನ್ನ ಎಲ್ಲರ ಮುಂದೆ ಕೇಳಿಬಿಟ್ಟೆ ಅಂತ ವಾರದಿಂದ ಕೊರಗ್ತಿದಾಳೆ. ಫೋನ್ ಕೈಗೆ ತಗೋತಾಳೆ, ಇಡ್ತಾಳೆ. ನೋಡಿ ಸಾಕಾಗಿ ನಾನೇ ಬಂದೆ. ನಾಳೆ ಇಬ್ಬರೂ ಬರಬೇಕು. ಅಭಿಷೇಕ ಮೊದಲು, ತೀರ್ಥ ಒಳಗಿಟ್ಟ ಮೇಲೆ ಹೂವು. ಹೂವು ಯಾವುದು, ಎಲ್ಲಿಡೋದು ಅನ್ನೋದೆಲ್ಲ ಈ ಹುಡುಗಿ ಹೇಳಿದ ಹಾಗೆ."

ಒಳಗೆ ಚಹಾದ ಪಾತ್ರೆಯ ಸದ್ದು ನಿಂತಿತು. ಚಂದ್ರಮ್ಮನ ದನಿ ಬಂತು, "ಬರ್ತೀವ್ರಿ. ಸಕ್ಕರಿ ಎಷ್ಟು ಹಾಕ್ಲಿ ನಿಮಗ?"

"ಜಾಸ್ತಿ ಹಾಕಿ. ಸೊಸೆ ಇಲ್ಲ ಇಲ್ಲಿ." ನಂಜಮ್ಮ ರಚನಾಳ ಕಡೆ ತಿರುಗಿದರು. "ಉಮ್ಮತ್ತಿ ಗಿಡ ಕಣ್ಣಾರೆ ನೋಡಿ ಯಾವ ಕಾಲವಾಯ್ತೋ. ನಾಳೆಗೆ ಒಂದೆರಡು ಹೂವು ಕಿತ್ತುಕೊಡ್ತೀಯಾ? ಗೋಡೆ ತನಕ ನಡೆಯೋಕೆ ಆಗಲ್ಲ ನನಗೆ, ಇಲ್ಲೇ ಕೂತಿರ್ತೀನಿ."

ರಚನಾ ಬುಟ್ಟಿ ಹಿಡಿದು ಹಿಂದೆ ಹೋದಳು. ಸಂಜೆಯ ಹೂವುಗಳು ಆಗತಾನೆ ಬಾಯಿ ಬಿಡುತ್ತಿದ್ದವು. ಹಾಲು ಇಂಗಿದ ಜಾಗದಲ್ಲಿ ಇರುವೆಯೂ ಇರಲಿಲ್ಲ. ಗಿಡ ಎಂದಿನಂತೆ ಇತ್ತು. ಅವಳು ಕೈ ಚಾಚಿ, ನಿಂತು, ಕುರ್ಚಿಯ ತನಕ ಮುಟ್ಟುವಷ್ಟು ದೊಡ್ಡದಾಗಿ ಹೆಸರು ಹೇಳಿದಳು.

"ಕೇಳಿಸ್ತು" ಎಂದರು ನಂಜಮ್ಮ ಅಲ್ಲಿಂದ.

ಅವಳು ಹೂವು ಕಿತ್ತಳು. ವಾಪಸು ಬರುವಷ್ಟರಲ್ಲಿ ಅವ್ವ ಕೈಗೆ ಹಾಕಲು ತಂಬಿಗೆ ನೀರು ಹಿಡಿದು ನಲ್ಲಿಯ ಹತ್ತಿರ ನಿಂತಿದ್ದಳು, ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಹರಿಯುತ್ತಿರುವುದು ಗೊತ್ತಿಲ್ಲದೆ, ನಂಜಮ್ಮನೊಡನೆ ಮಾತಾಡುತ್ತ.